ಉದ್ದದ ಸೇತುವೆ, ಉದ್ದನೆಯ ಪಂಚಾಯ್ತಿ

ವಿಕಿಪೀಡಿಯದಲ್ಲಿ ಒಂದು ಸೇತುವೆಯ ಬಗ್ಗೆ ಲೇಖನವಿದೆ ಅಂತ ಇಟ್ಟುಕೊಳ್ಳಿ. ಒಬ್ಬರು 'ಇದು ಉದ್ದದ ಸೇತುವೆ' ಎಂದು ಬರೆದಿದ್ದಾರೆ. ಇನ್ನೊಬ್ಬರು ಬಂದು 'ಉದ್ದನೆಯ ಸೇತುವೆ' ಎಂದು ತಿದ್ದುತ್ತಾರೆ. ಮೊದಲಿನವರು ಆ ತಿದ್ದುಪಡಿಯನ್ನು ವಜಾ ಮಾಡುತ್ತಾರೆ. ಎರಡನೆಯವರು ವಜಾವನ್ನೇ ವಜಾ ಮಾಡುತ್ತಾರೆ. ಸೇತುವೆ ಎಷ್ಟು ಮೀಟರ್ ಇದೆ ಎಂಬುದನ್ನು ಮಾತ್ರ ಯಾರೂ ಬರೆದಿಲ್ಲ. ಅದಕ್ಕೆ ಪುರುಸೊತ್ತು ಎಲ್ಲಿದೆ?

ಹೀಗೆ ಎಳೆದಾಡುವುದಕ್ಕೂ ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಲೆಕ್ಕವಿದೆ. 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ಕೆಲಸ ಅಳಿಸಬಾರದು. ಮೂರೂ ಬಿಟ್ಟವರು ಊರಿಗೆ ದೊಡ್ಡವರು ಎನ್ನುತ್ತದೆ ನಮ್ಮ ಗಾದೆ. ಇಲ್ಲಿ ಮೂರಕ್ಕೆ ಕೈ ಬಿಟ್ಟವರು ದೊಡ್ಡವರು. ಅನುಭವಸ್ಥರು ಮೂರು ಸಲ ಅಳಿಸಿ, ಇಪ್ಪತ್ತೈದನೆಯ ಗಂಟೆಗೆ ಅಲಾರಂ ಇಟ್ಟು ಮಲಗುತ್ತಾರೆ. ಗಡಿಯಾರ ನೋಡಿಕೊಂಡು ಹೀಗೆ ಮಾಡುವುದೂ ತಪ್ಪೇ ಎಂದು ಅದೇ ನಿಯಮದ ಕೆಳಗೆ ಬರೆದಿದೆ. ಹೊಸಬರು ಆ ಸಾಲಿನ ತನಕ ಹೋಗುವುದಿಲ್ಲ, ನಾಲ್ಕನೆಯ ಸಲ ಒತ್ತಿ ಸಿಕ್ಕಿಬೀಳುತ್ತಾರೆ.

ಆಗ ಬರುತ್ತಾರೆ ನಿರ್ವಾಹಕರು, ಅಂದರೆ ಪುಟಕ್ಕೆ ಬೀಗ ಹಾಕುವ, ಸದಸ್ಯರಿಗೆ ನಿರ್ಬಂಧ ಹೇರುವ ಅಧಿಕಾರವಿರುವವರು. ಸಂಬಳವಿಲ್ಲ, ಸಾರಿಗೆ ಭತ್ಯೆಯಿಲ್ಲ, ಹೆಚ್ಚಿನವರಿಗೆ ಊರು ಹೆಸರೂ ಇಲ್ಲ. ಇವರ ಲಾಂಛನ ನೆಲ ಒರೆಸುವ ಕೋಲು. ನಿರ್ವಾಹಕರಾಗುವುದು ದೊಡ್ಡ ವಿಷಯವೇನಲ್ಲ ಎಂದು ಸಹ-ಸಂಸ್ಥಾಪಕ ಜಿಮ್ಮಿ ವೇಲ್ಸ್ 2003ರಲ್ಲೇ ಹೇಳಿದ್ದರು. ಆ ದೊಡ್ಡದಲ್ಲದ ವಿಷಯಕ್ಕೆ ಅರ್ಜಿ ಹಾಕಿದವರನ್ನು ಈಗ ವಾರಪೂರ್ತಿ ಕಟಕಟೆಯಲ್ಲಿ ನಿಲ್ಲಿಸಿ, ಆರು ವರ್ಷದ ಹಿಂದೆ ಯಾರಿಗೋ ಸಿಡುಕಿನ ಉತ್ತರ ಕೊಟ್ಟದ್ದು ಯಾಕೆ ಎಂದು ಕೇಳುತ್ತಾರೆ. ಒರೆಸುವ ಕೋಲಿಗಾಗಿ ಇಷ್ಟೊಂದು ಸಂದರ್ಶನ ಬೇರೆಲ್ಲೂ ಇರಲಿಕ್ಕಿಲ್ಲ. 70 ಲಕ್ಷ ಲೇಖನ ದಾಟಿದ ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿರ್ವಾಹಕರು ಸಾವಿರ ಜನವೂ ಇಲ್ಲ ಎಂದರೆ ಆಶ್ಚರ್ಯವೇ?

ಬಂದ ನಿರ್ವಾಹಕರು ಮೊದಲು ಮಾಡುವ ಕೆಲಸ ಪುಟಕ್ಕೆ ಬೀಗ ಜಡಿಯುವುದು. ಜಡಿದ ಕ್ಷಣ 'ಉದ್ದನೆಯ' ಇದ್ದರೆ ಉದ್ದದವರು ಬೊಬ್ಬೆ ಹೊಡೆಯುತ್ತಾರೆ, 'ಉದ್ದದ' ಇದ್ದರೆ ಉದ್ದನೆಯವರು. ಬೀಗ ಬೀಳುವುದು ಯಾವಾಗಲೂ ತಪ್ಪು ಆವೃತ್ತಿಗೇ ಎಂದು ವಿಕಿಪೀಡಿಯದವರೇ ಒಂದು ತಮಾಷೆಯ ಪುಟ ಬರೆದಿಟ್ಟುಕೊಂಡಿದ್ದಾರೆ. ತಮ್ಮ ರೋಗವನ್ನು ಇಷ್ಟು ಚೆನ್ನಾಗಿ ಬಲ್ಲವರು ಮದ್ದು ಮಾತ್ರ ಯಾಕೆ ಹುಡುಕಲಿಲ್ಲ ಎಂದು ಕೇಳಬೇಡಿ. ಅದಕ್ಕೆ ಬೇರೆ ಪುಟವಿದೆ, ಅಲ್ಲಿ ಚರ್ಚೆ ನಡೆಯುತ್ತಿದೆ.

ಸರಿ, ಎರಡರಲ್ಲಿ ಯಾವುದು ಸರಿ ಎಂದಾದರೂ ನಿರ್ವಾಹಕರು ಹೇಳುತ್ತಾರೆಯೇ? ಹೇಳುವಂತಿಲ್ಲ. ಲೇಖನದಲ್ಲಿ ಏನಿರಬೇಕೆಂದು ತೀರ್ಪು ಕೊಡುವುದು ಅವರ ಅಧಿಕಾರಕ್ಕೆ ಬರುವುದಿಲ್ಲ. ಯಾರು ಹೇಗೆ ನಡೆದುಕೊಂಡರು ಎಂಬುದಷ್ಟೇ ಬರುತ್ತದೆ. ಅವರ ಮೇಲೆ ಒಂದು ಮಧ್ಯಸ್ಥಿಕೆ ಸಮಿತಿಯಿದೆ, ಈ ಲೋಕದ ಸುಪ್ರೀಂ ಕೋರ್ಟು. ಅದೂ ವಿಷಯದ ತಂಟೆಗೆ ಹೋಗುವುದಿಲ್ಲ. ಇನ್ನೊಂದು ಕಟ್ಟಳೆಯ ಪ್ರಕಾರ, ಆ ಜಗಳದಲ್ಲಿ ಮೊದಲೇ ಕೈಯಾಡಿಸಿದ ನಿರ್ವಾಹಕರು ಅಲ್ಲಿ ಅಧಿಕಾರ ಚಲಾಯಿಸಬಾರದು. ನ್ಯಾಯವೇ. ಆದರೆ ಸೇತುವೆಯ ಬಗ್ಗೆ ಬಲ್ಲವರು ಎಂದೋ ಆ ಲೇಖನಕ್ಕೆ ಕೈ ಹಾಕಿ ಜಗಳವಾಡಿ ಮುಗಿಸಿರುತ್ತಾರಲ್ಲ! ಕೊನೆಗೆ ಪಂಚಾಯ್ತಿ ಮಾಡಲು ಉಳಿಯುವವರು ಜನ್ಮದಲ್ಲಿ ಸೇತುವೆ ದಾಟದವರು.

ಹಾಗಾಗಿ ವ್ಯಾಜ್ಯ ತೀರುವುದು ತಾಳ್ಮೆಯ ಮೇಲೆ. ತಾಳಿದವನು ಬಾಳಿಯಾನು ಎಂಬ ಮಾತು ಇಲ್ಲಿ ಸಾಕ್ಷ್ಯ ಕಾಯಿದೆ. 'ದಯವಿಟ್ಟು ಸದುದ್ದೇಶವಿದೆಯೆಂದು ಭಾವಿಸಿ' ಎಂದು ನಗುನಗುತ್ತಾ ಹನ್ನೊಂದು ಸಲ ಚುಚ್ಚಿದವರು ಸಭ್ಯರು. ಹನ್ನೆರಡನೆಯ ಸಲಕ್ಕೆ 'ನಿಮಗೆ ಓದಲು ಬರುತ್ತದೆಯೇ' ಎಂದು ಕೇಳಿದವರು ವೈಯಕ್ತಿಕ ದಾಳಿಕೋರರು. ದೂರು ಕೊಡಲು ಫಲಕವೊಂದಿದೆ. ಅಲ್ಲಿಗೆ ಹೋದವರ ನಡತೆಯೂ ವಿಚಾರಣೆಗೆ ಒಳಪಡುತ್ತದೆ, ಕೊಟ್ಟ ದೂರು ತಿರುಗಿ ಅವರ ತಲೆಗೇ ಬಡಿದರೆ ಅದಕ್ಕೆ 'ಬೂಮರಾಂಗ್' ಎಂದು ಶಾಸ್ತ್ರೋಕ್ತ ಹೆಸರು. ನಿಯಮಗಳನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಎಜಿಎಫ್, ಎನ್‌ಪಿಒವಿ, 3ಆರ್‌ಆರ್ ಎಂದು ಬೀಜಾಕ್ಷರಗಳನ್ನು ಎಸೆಯುತ್ತಾರೆ. ಎಲ್ಲ ನಿಯಮಗಳನ್ನೂ ಕಡೆಗಣಿಸಿ ಎಂಬ ನಿಯಮವೂ ಒಂದಿದೆ. ಹೊಸಬರು ಅದೊಂದನ್ನು ಪಾಲಿಸಿ ನೋಡಲಿ.

ನಿರ್ಬಂಧ ಬಿದ್ದವರಿಗೆ ಮೊದಲು ಸಿಗುವ ಸಮಾಧಾನದ ಮಾತು: ಇದು ಶಿಕ್ಷೆಯಲ್ಲ, ಮುಂಜಾಗ್ರತೆ. ಮೇಲ್ಮನವಿಗೆ ಅವಕಾಶವಿದೆ, ಬೇರೊಬ್ಬ ನಿರ್ವಾಹಕರು ನೋಡುತ್ತಾರೆ. ಆದರೆ ಅರ್ಜಿಯಲ್ಲಿ ಎದುರು ಪಕ್ಷದವರು ಏನು ಮಾಡಿದರೆಂದು ಬರೆಯಬಾರದು. ನೀವು ಮಾಡಿದ ತಪ್ಪು ನಿಮಗೆ ಅರ್ಥವಾಗಿದೆ, ಇನ್ನು ಮಾಡುವುದಿಲ್ಲ ಎಂದು ಬರೆಯಬೇಕು. ತಪ್ಪು ಮಾಡಿಲ್ಲದವರಿಗೆ ಇದು ಸ್ವಲ್ಪ ಕಷ್ಟ. ಮಾಡಿದವರು ಸಲೀಸಾಗಿ ಬರೆದುಕೊಟ್ಟು ಹೊರಬರುತ್ತಾರೆ.

ಸೇತುವೆ ಕಟ್ಟುಕತೆ ಎನ್ನುವವರು ಮೊಸರಿನ ಕತೆ ಕೇಳಿ, ಇದು ನಡೆದದ್ದು. ಇಂಗ್ಲಿಷಿನ ಯೋಗರ್ಟ್ ಪದದಲ್ಲಿ ಎಚ್ ಅಕ್ಷರ ಇರಬೇಕೋ ಬೇಡವೋ? 2003ರಲ್ಲಿ ಯಾರೋ ಶೀರ್ಷಿಕೆಗೆ ಎಚ್ ಸೇರಿಸಿದರು. ಅದನ್ನು ತೆಗೆಸಲು ಅರ್ಜಿಯ ಮೇಲೆ ಅರ್ಜಿ ಬಿದ್ದು, ಒಮ್ಮತವಿಲ್ಲ ಎನಿಸಿಕೊಂಡು, ಮತ್ತೆ ಬಿದ್ದು, 2011ರ ಕೊನೆಗೆ ಎಚ್ ಹೋಯಿತು. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನೋಡಿದ್ದೆವು. ಎಂಟು ವರ್ಷ ಎಚ್ ಹುಡುಕಿದವರು ಇವರೇ ಮೊದಲಿರಬೇಕು. ಮುಂದಿನ ವರ್ಷವೇ 'ಸ್ಟಾರ್ ಟ್ರೆಕ್ ಇಂಟು ಡಾರ್ಕ್‌ನೆಸ್' ಚಿತ್ರದ ಸರದಿ. ಅದರ 'ಇಂಟು'ವಿನ ಮೊದಲಕ್ಷರ ದೊಡ್ಡದೋ ಚಿಕ್ಕದೋ ಎಂದು ನಡೆದ ವಾದ 40,000 ಪದ ಮುಟ್ಟಿ, 2013ರ ಜನವರಿಯಲ್ಲಿ ದೊಡ್ಡಕ್ಷರ ಗೆದ್ದಿತು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದ ಇಡದ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಈ ಅರ್ಜಿಗಳಲ್ಲಿ ತಲೆ ಎಣಿಸುತ್ತಾರೆ ಎಂದುಕೊಂಡಿದ್ದರೆ ತಪ್ಪು. ಇಲ್ಲಿರುವುದು ಮತದಾನವಲ್ಲ, ಒಮ್ಮತ. ಜನ ಸಾಲಾಗಿ ಬಂದು 'ಬೆಂಬಲ', 'ವಿರೋಧ' ಎಂದು ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕುತ್ತಾರೆ, ಆದರೂ ಅದು ಮತವಲ್ಲ. ಮತವಲ್ಲ ಎಂದು ನೆನಪಿಸಲು 'ಮತ' ಎಂಬ ಪದದ ಮೊದಲಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಅಂಟಿಸುವ ರೂಢಿಯಿದೆ. ಕಂಪ್ಯೂಟರ್ ಭಾಷೆಯಲ್ಲಿ ಅದಕ್ಕೆ 'ಅಲ್ಲ' ಎಂದರ್ಥವಂತೆ. ಉಳಿದವರಿಗೆ ಬರೀ ಆಶ್ಚರ್ಯ.

ಪುರಾವೆಯ ವಿಷಯದಲ್ಲಂತೂ ಇವರು ಯಮನ ಚಿತ್ರಗುಪ್ತನಿಗಿಂತ ಬಿಗಿ. ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ ತಮ್ಮದೇ ಕಾದಂಬರಿಗೆ ಸ್ಫೂರ್ತಿ ಯಾರೆಂಬ ಸಾಲು ತಪ್ಪಾಗಿದೆ, ಸರಿಪಡಿಸಿ ಎಂದು ಕೇಳಿಸಿದರು. ಕೃತಿಯ ಬಗ್ಗೆ ಕರ್ತೃವೇ ಬಲ್ಲವರು ಎಂಬುದು ಸರಿ, ಆದರೆ ನಮಗೆ ದ್ವಿತೀಯಕ ಆಕರ ಬೇಕು ಎಂದು ನಿರ್ವಾಹಕರ ಉತ್ತರ ಬಂತು. ರಾತ್ 2012ರ ಸೆಪ್ಟೆಂಬರಿನಲ್ಲಿ 'ದ ನ್ಯೂಯಾರ್ಕರ್' ಪತ್ರಿಕೆಯ ಜಾಲತಾಣದಲ್ಲಿ ವಿಕಿಪೀಡಿಯಕ್ಕೆ ಒಂದು ಉದ್ದನೆಯ (ಅಥವಾ ಉದ್ದದ) ಬಹಿರಂಗ ಪತ್ರ ಬರೆದರು. ಅದು ಪ್ರಕಟವಾದದ್ದೇ ತಡ, ಅದೇ ಮನುಷ್ಯ ಹೇಳಿದ ಅದೇ ಮಾತು ಲೇಖನದೊಳಗೆ ಬಂದು ಕೂತಿತು.

ಇದಕ್ಕೆ ಐದು ವರ್ಷ ಮೊದಲು ಇನ್ನೊಂದಾಯಿತು. ದೇವತಾಶಾಸ್ತ್ರದ ಪ್ರಾಧ್ಯಾಪಕ, ಡಾಕ್ಟರೇಟ್ ಪಡೆದವನು ಎಂದು ಹೇಳಿಕೊಂಡು, ನಿರ್ವಾಹಕರಾಗಿ ಮೆರೆದು, ಮಧ್ಯಸ್ಥಿಕೆ ಸಮಿತಿಯ ತನಕ ಏರಿದ ಒಬ್ಬರು 24 ವರ್ಷದ ಹುಡುಗ, ಆ ಯಾವ ಪದವಿಯೂ ಇಲ್ಲ ಎಂಬುದು 2007ರಲ್ಲಿ ಬಯಲಾಯಿತು. ಅಲ್ಪವಿರಾಮಕ್ಕೂ ಉಲ್ಲೇಖ ಕೇಳುವವರು ಅಷ್ಟು ದಿನ ಅವರ ಡಾಕ್ಟರೇಟಿಗೆ ಮಾತ್ರ ಉಲ್ಲೇಖ ಕೇಳಿರಲಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಶಾಲೆ ಬಿಟ್ಟ ಹೊತ್ತಿಗೆ ಪ್ರಧಾನಿಗಳ ಪುಟಗಳಲ್ಲಿ ಬಂದು ಬೀಳುವ ಬೈಗುಳಗಳನ್ನು ಕ್ಷಣದಲ್ಲಿ ಗುಡಿಸಿ ಹಾಕುವವರೂ ಇವರೇ. ಅದಕ್ಕೆ ಥ್ಯಾಂಕ್ಸ್ ಹೇಳಲು ಯಾರೂ ಫಲಕದ ತನಕ ಹೋಗುವುದಿಲ್ಲ. ನಾನೂ ಹೋಗಿಲ್ಲ, ಹೋದರೆ ನನ್ನ ನಡತೆಯೂ ವಿಚಾರಣೆಗೆ ಬರುತ್ತದಲ್ಲ.

ಇರಲಿ, ನಮ್ಮ ಸೇತುವೆ ಏನಾಯಿತು? ತಿಂಗಳು ಕಳೆದ ಮೇಲೆ ಒಬ್ಬ ನಿರ್ವಾಹಕರು ಅಷ್ಟೂ ಚರ್ಚೆ ಓದಿ 'ಒಮ್ಮತವಿಲ್ಲ' ಎಂದು ಷರಾ ಬರೆದು ಮುಗಿಸಿದರು. ಬೀಗ ತೆರೆಯಿತು. ಎರಡೂ ಕಡೆಯವರು ದಣಿದು ಮಲಗಿದ್ದ ಒಂದು ಬೆಳಗಿನ ಜಾವ, ಎಲ್ಲಿಂದಲೋ ಬಂದ ಹೊಸ ಸದಸ್ಯರೊಬ್ಬರು ಆ ಪದವನ್ನೇ ಕಿತ್ತು, ಸೇತುವೆಯ ಉದ್ದವನ್ನು ಮೀಟರಿನಲ್ಲಿ ಬರೆದು, ಅದಕ್ಕೊಂದು ಉಲ್ಲೇಖವನ್ನೂ ಕೊಟ್ಟು, 'ಚಿಕ್ಕ ಬದಲಾವಣೆ' ಎಂದು ಗುರುತು ಹಾಕಿ ಹೋದರು.

ಒಮ್ಮತವಿಲ್ಲದೆ ಮಾಡಿದ ಆ ಬದಲಾವಣೆಯನ್ನು ಉದ್ದದವರು ವಜಾ ಮಾಡಿದ್ದಾರೆ. ಉದ್ದನೆಯವರು ಹೊಸಬರ ಮೇಲೆ ದೂರು ದಾಖಲಿಸಿದ್ದಾರೆ. ಸಾಕ್ಷಿಯಾಗಿ ಇಬ್ಬರೂ ಸಹಿ ಹಾಕಿದ್ದಾರೆ.