ಚೀಲಕ್ಕೆ ಪ್ರವೇಶವಿದೆ, ತಾಯಿಗಿಲ್ಲ

ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿರುವ ಹುಡುಗಿಯೊಬ್ಬಳ ಅಂಕಪಟ್ಟಿಗೆ ಸಹಿ ಮಾಡಿಸಲೆಂದು ನಿನ್ನೆ ಅವಳಿರುವ ಸರ್ಕಾರಿ ಬಾಲಮಂದಿರಕ್ಕೆ, ಅಂದರೆ ಆರೈಕೆ, ರಕ್ಷಣೆ ಬೇಕಾದ ಮಕ್ಕಳನ್ನು ಇಡುವ ವಸತಿ ಸಂಸ್ಥೆಗೆ, ಹೋಗಿದ್ದಾಗ, ಅವಳ ತಾಯಿಯನ್ನು ಗೇಟಿನಿಂದಲೇ ವಾಪಸು ಕಳಿಸಿದ್ದನ್ನು ಕಣ್ಣಾರೆ ಕಂಡೆ. ಬಸ್ಸು ತಡವಾಗಿ ಭೇಟಿಯ ವೇಳೆ ಮೀರಿತ್ತು. "ಮುಂದಿನ ತಿಂಗಳು ಬಾರಮ್ಮ" ಎಂದರು. ಕೊಬ್ಬರಿ ಮಿಠಾಯಿ, ಹೊಸ ಜಾಮಿಟ್ರಿ ಬಾಕ್ಸು ಇದ್ದ ಚೀಲವನ್ನು ಮಾತ್ರ ಒಳಗೆ ತೆಗೆದುಕೊಂಡರು. ಚೀಲಕ್ಕೆ ವೇಳೆಯ ನಿರ್ಬಂಧವಿಲ್ಲವೆಂದು ಕಾಣುತ್ತದೆ.

ಅಂಕಪಟ್ಟಿಯಲ್ಲಿ 'ಪೋಷಕರ ಸಹಿ' ಎಂದಿದ್ದ ಜಾಗದಲ್ಲಿ ಅಧೀಕ್ಷಕರ ಮೊಹರು ಬಿತ್ತು. ಮಗಳಿಗೆ ಗಣಿತದಲ್ಲಿ ಎಷ್ಟು ಬಂದಿದೆಯೆಂದು ಕೇಳಲು ಹಕ್ಕಿದ್ದ ಹೆಂಗಸು ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದಳು.

ನಿಯಮ ಎಂದರೆ ನಿಯಮ ಎನ್ನುವವರು ಆ ನಿಯಮವನ್ನು ಪೂರ್ತಿ ಓದಲಿ. 2016ರ ಬಾಲನ್ಯಾಯ ಮಾದರಿ ನಿಯಮಗಳು ತಿಂಗಳಿಗೊಮ್ಮೆ ಭೇಟಿ ಎಂದು ಹೇಳಿ ಸುಮ್ಮನಾಗಿಲ್ಲ. ವಿಶೇಷ ಸಂದರ್ಭಗಳಲ್ಲಿ ಅದಕ್ಕಿಂತ ಹೆಚ್ಚು ಸಲ ಬಿಡುವ ವಿವೇಚನೆಯನ್ನು ಸಂಸ್ಥೆಯ ಮುಖ್ಯಸ್ಥರಿಗೇ ಕೊಟ್ಟಿವೆ. 2015ರ ಬಾಲನ್ಯಾಯ ಕಾಯ್ದೆಯಂತೂ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ದಾರಿಯೆಂದೇ ಹೇಳುತ್ತದೆ. ಕೋವಿಡ್ ಬಂದಾಗ ದೇಶದ ಇಂಥ ಸಂಸ್ಥೆಗಳಲ್ಲಿದ್ದ 2,27,518 ಮಕ್ಕಳ ಪೈಕಿ 1,45,788 ಮಕ್ಕಳನ್ನು ಮನೆಯವರಿಗೆ ಒಪ್ಪಿಸಲಾಗಿದೆಯೆಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಲೆಕ್ಕ ಬಂತು. ಹಾಗೆ ಮನೆ ಸೇರಿದ ಮಕ್ಕಳ ಓದಿಗೆ ತಿಂಗಳಿಗೆ 2,000 ರೂಪಾಯಿ ಕೊಡಿರೆಂದು ಕೋರ್ಟು ಆದೇಶಿಸಿತು. ಸೋಂಕಿನ ಭಯ ಹುಟ್ಟಿದಾಗ ಇಷ್ಟೊಂದು ಮಕ್ಕಳಿಗೆ ಮನೆಯಿದೆಯೆಂದು ನೆನಪಾಗುತ್ತದೆ, ಉಳಿದ ಕಾಲದಲ್ಲಿ ಅದೇ ಮನೆಯವರು ಗೇಟಿನ ಹೊರಗಿನವರು!

"ಮನೆಯವರು ಬಂದುಹೋದರೆ ಎರಡು ದಿನ ಓದುವುದಿಲ್ಲ ಮೇಡಂ, ಬರೀ ಅಳು" ಎಂದು ಅಲ್ಲಿನ ಸಿಬ್ಬಂದಿಯೊಬ್ಬರು ನನಗೆ ತಿಳಿಹೇಳಿದರು. ನಾನೂ ಹಾಸ್ಟೆಲಿನಲ್ಲಿದ್ದು ಓದಿದವಳು. ಅಪ್ಪ ಬಂದುಹೋದ ರಾತ್ರಿ ನಾನೂ ಪುಸ್ತಕ ಮುಟ್ಟುತ್ತಿರಲಿಲ್ಲ, ಆದರೆ ಮರುವಾರ ಓದುತ್ತಿದ್ದುದು ಅವರಿಗೆ ತೋರಿಸಬೇಕೆಂದೇ. ಅಳುವ ಮಗುವಿನ ಓದು ಕೆಡುತ್ತದೆಯೆಂದು ಹೆದರುವವರಿಗೆ, ಅಳುವುದನ್ನೇ ಬಿಟ್ಟು ಕೊನೆಯ ಬೆಂಚಿನಲ್ಲಿ ಕಿಟಕಿ ನೋಡುತ್ತ ಕೂರುವ ಮಕ್ಕಳ ಬಗ್ಗೆ ಏಕೆ ಹೆದರಿಕೆಯಿಲ್ಲವೋ ತಿಳಿಯದು. ಅಂಥವರಿಗೆ ಪಾಠ ಮಾಡುವವಳು ನಾನು. ಕೆಲವು ಮನೆಗಳಿಂದ ಮಕ್ಕಳಿಗೆ ಅಪಾಯವಿರುವುದು ನಿಜ, ಆದರೆ ಅದನ್ನು ತೀರ್ಮಾನಿಸಬೇಕಾದದ್ದು ಇಂಥ ಮಕ್ಕಳ ವಿಷಯ ನಿರ್ಧರಿಸಲೆಂದೇ ಕಾಯ್ದೆಯಡಿ ಇರುವ ಮಕ್ಕಳ ಕಲ್ಯಾಣ ಸಮಿತಿಯೇ ಹೊರತು ಗೇಟಿನ ಗಡಿಯಾರವಲ್ಲ.

ಕೂಲಿ ಬಿಟ್ಟು ಬರುವವರಿಗೆ ಕೆಲಸದ ದಿನದಲ್ಲೇ ಭೇಟಿಯಿಡುವ ಜಾಣತನ ಯಾರದೋ! ಭಾನುವಾರ ಇಟ್ಟರೆ, ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಿಸಿದರೆ ಸರ್ಕಾರದ ಬೊಕ್ಕಸವೇನೂ ಬರಿದಾಗದು. ನಮ್ಮ ಶಾಲೆಯ ಮುಂದಿನ ಪೋಷಕರ ಸಭೆಗೆ ಆ ತಾಯಿಯೇ ಬರಲು ಅನುಮತಿ ಕೋರಿ ಸಮಿತಿಗೆ ಅರ್ಜಿ ಬರೆದಿದ್ದೇನೆ. "ನಿಮಗೇಕೆ ಈ ಉಸಾಬರಿ" ಎಂದು ಸ್ಟಾಫ್ ರೂಮಿನಲ್ಲಿ ಆಗಲೇ ಕೇಳಿಯಾಯಿತು. ಕಾಮೆಂಟಿನಲ್ಲೂ ಅದನ್ನೇ ಕೇಳುವವರು ದಯವಿಟ್ಟು ಶ್ರಮ ತೆಗೆದುಕೊಳ್ಳಬೇಡಿ.