ಸೌತೆಕಾಯಿಗೆ ಎಂಬತ್ತು ಏರುತ್ತಾ?

ನಿನ್ನೆ ರಾತ್ರಿ 2.40ಕ್ಕೆ ಸೊಂಟದಲ್ಲಿದ್ದ ಇನ್ಸುಲಿನ್ ಪಂಪ್ ಕಿರುಚಿತು. ದಿಂಬಿನ ಪಕ್ಕದ ಮೊಬೈಲ್ ಕಿರುಚಿತು. ಅದರ ಬಾಯಿ ಮುಚ್ಚಿಸುವಷ್ಟರಲ್ಲಿ ಅದೇ ಮೊಬೈಲಿಗೆ ತಿಪಟೂರಿನಿಂದ ಅಪ್ಪನ ಫೋನ್ ಬಂತು.

"ಪುಟ್ಟೀ, ಶುಗರ್ 58! ಬಾಣ ಕೆಳಗೆ ತೋರಿಸ್ತಿದೆ! ಎದ್ದಿದ್ದೀಯಾ?"

ಏಳದೆ ಫೋನ್ ಹೇಗೆ ಎತ್ತಲಿ ಅಂತ ಕೇಳುವಷ್ಟು ಎಚ್ಚರ ಇನ್ನೂ ಬಂದಿರಲಿಲ್ಲ. ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡೇ ಅಡುಗೆಮನೆಗೆ ಹೋಗಿ ಗ್ಲೂಕೋಸ್ ಪುಡಿ ಕಲಸಿ ತಂದರು. ಕುಡಿದೆ. ಅಪ್ಪ ಫೋನ್ ಇಡಲಿಲ್ಲ. "ಇನ್ನೂ 61. ಇನ್ನೊಂದು ಲೋಟ ಕುಡಿ." ಅದನ್ನೂ ಕುಡಿದೆ.

ನನಗೆ ಏನೂ ಆಗಿರಲಿಲ್ಲ. ಎಡಮಗ್ಗುಲಿಗೆ ಹೊರಳಿ ಮಲಗಿದ್ದೆ, ಅಷ್ಟೇ. ಸಕ್ಕರೆ ಅಳೆಯುವ ಸೆನ್ಸರ್ ಇರುವುದು ಎಡತೋಳಿನ ಹಿಂಭಾಗದಲ್ಲಿ. ಅದು ರಕ್ತ ನೋಡುವುದಿಲ್ಲ. ಚರ್ಮದ ಕೆಳಗಿರುವ ನೀರಿನಂಥ ದ್ರವದಲ್ಲಿ ಸಕ್ಕರೆ ಎಷ್ಟಿದೆ ಅಂತ ನೋಡುತ್ತದೆ. ಅದರ ಮೇಲೆ ಮೈಭಾರ ಬಿದ್ದರೆ ಪಾಪ ಅದಕ್ಕೆ ದಿಕ್ಕು ತಪ್ಪಿ, ಸಕ್ಕರೆ ಬಿದ್ದುಹೋಯಿತು ಅಂತ ಬೊಬ್ಬೆ ಹೊಡೆಯುತ್ತದೆ. ಸೆನ್ಸರ್ ಮಾತು ನಂಬಿ ಪಂಪ್ ಇನ್ಸುಲಿನ್ ನಿಲ್ಲಿಸಿತು. ಪಂಪ್ ಮಾತು ನಂಬಿ ಅಪ್ಪ ಫೋನ್ ಮಾಡಿದರು. ಅಪ್ಪನ ಮಾತು ನಂಬಿ ನಾನು ಎರಡು ಲೋಟ ಗ್ಲೂಕೋಸ್ ಕುಡಿದೆ. ಬೆಳಿಗ್ಗೆ ಆರಕ್ಕೆ ನೋಡಿದರೆ 264. ಗ್ಲೂಕೋಸ್ ಬದಲು ಬಲಕ್ಕೆ ಹೊರಳಿದ್ದರೆ ಸಾಕಾಗುತ್ತಿತ್ತು.

"ನಂಬರ್ ನೋಡಿ ಗಾಬರಿಯಾಗಬೇಡಿ ಮೇಡಂ, ಅನುಮಾನ ಬಂದರೆ ಬೆರಳು ಚುಚ್ಚಿ ನೋಡಿ" ಅಂತ ತರಬೇತಿ ಕೊಟ್ಟ ಹುಡುಗಿ ಮೂರು ಸಲ ಹೇಳಿದ್ದಳು. ಹೇಳಿದ್ದು ಹಗಲು ಹನ್ನೊಂದು ಗಂಟೆಗೆ. ಆಗ ನಾನು ಕೂಡ ಬಹಳ ಬುದ್ಧಿವಂತೆಯಾಗಿ ತಲೆಯಾಡಿಸಿದ್ದೆ.

ಈ ಜೋಡಿ ನನ್ನ ಮೈಮೇಲೆ ಸಂಸಾರ ಹೂಡಿ ಮೂರು ವಾರವಾಯಿತು. ತೋಳಿನಲ್ಲಿ ಸೆನ್ಸರ್, ಸೊಂಟದಲ್ಲಿ ಪಂಪ್, ಪಂಪಿನಿಂದ ಹೊಟ್ಟೆಗೆ ಒಂದು ಸಣ್ಣ ಟ್ಯೂಬು. ಸೆನ್ಸರ್ ಐದು ನಿಮಿಷಕ್ಕೊಮ್ಮೆ ಸಕ್ಕರೆ ಎಷ್ಟು ಅಂತ ಹೇಳುತ್ತದೆ, ಪಂಪ್ ಅದಕ್ಕೆ ತಕ್ಕಂತೆ ಇನ್ಸುಲಿನ್ ಬಿಡುತ್ತದೆ. ಸೆನ್ಸರಿಗೆ ಏಳು ದಿನ ಆಯಸ್ಸು, ಟ್ಯೂಬಿಗೆ ಎರಡು ಮೂರು ದಿನ. ಬೆಲೆ ಕೇಳಬೇಡಿ. ಆ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರುತ್ತಿತ್ತು, ಅದು ರಾತ್ರಿ ಹೊತ್ತು ಶೆಡ್ಡಿನಲ್ಲಿ ಸುಮ್ಮನೆ ನಿಂತಿರುತ್ತಿತ್ತು.

ಪಂಪ್ ಹಾಕಿಸಿಕೊಂಡೆ ಅಂತ ಸುದ್ದಿ ತಿಳಿದು ತಿಪಟೂರಿನ ಚಿಕ್ಕಪ್ಪ ಫೋನ್ ಮಾಡಿದರು. ತೆಂಗಿನ ತೋಟದವರು. ಮೊದಲ ಪ್ರಶ್ನೆ: "ಎಷ್ಟು ಎಚ್‌ಪಿ?"

ಸೀರೆಗೆ ಜೇಬಿಲ್ಲ ಅನ್ನುವುದು ನನಗೆ ಈ ವಯಸ್ಸಿನಲ್ಲಿ ಮೊದಲ ಸಲ ತಲೆಬಿಸಿಯಾಯಿತು. ನೆರಿಗೆಯ ಹತ್ತಿರ ಸಿಕ್ಕಿಸಿದರೆ ಹೊಟ್ಟೆ ಚೌಕವಾಗಿ ಕಾಣುತ್ತದೆ. ಪಕ್ಕಕ್ಕೆ ಸಿಕ್ಕಿಸಿದರೆ ಬಸ್ ಕಂಡಕ್ಟರ್ ಥರ. ಟ್ಯೂಬಂತೂ ಮನೆಯ ಎಲ್ಲ ಹಿಡಿಕೆಗಳ ಜೊತೆ ಸ್ನೇಹ ಬೆಳೆಸಿಕೊಂಡಿದೆ. ಸೊಪ್ಪಿನ ಸಾರು ಉಕ್ಕಿತು ಅಂತ ಓಡಿದಾಗ ನಾನು ಒಲೆ ಹತ್ತಿರ ಮುಟ್ಟಿದೆ, ಟ್ಯೂಬು ಡ್ರಾಯರ್ ಹಿಡಿಯಲ್ಲೇ ಉಳಿಯಿತು. 1960ರ ದಶಕದಲ್ಲಿ ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕಾಡಿಶ್ ಮಾಡಿದ ಪಂಪ್ ಬೆನ್ನಿಗೆ ಹೊರುವ ಚೀಲದಷ್ಟು ದೊಡ್ಡದಿತ್ತಂತೆ. ನನ್ನದು ಅಂಗೈಯಷ್ಟು. ಸಮಾಧಾನ ಮಾಡಿಕೊಳ್ಳಬೇಕು, ಇನ್ನೇನು.

"ಎಲ್ಲ ಆಟೋಮ್ಯಾಟಿಕ್, ನಿಮಗೆ ಕೆಲಸವೇ ಇಲ್ಲ" ಅಂದಿದ್ದರು. ಒಂದು ಸಣ್ಣ ಕೆಲಸ ಉಂಟು. ಪ್ರತಿ ಊಟಕ್ಕೂ ಮುಂಚೆ, ಎಷ್ಟು ಗ್ರಾಂ ಕಾರ್ಬ್, ಅಂದರೆ ಪಿಷ್ಟ ಸಕ್ಕರೆ ಎಲ್ಲ ಸೇರಿ, ತಿನ್ನುತ್ತೀರಿ ಅಂತ ಪಂಪಿಗೆ ಹೇಳಬೇಕು. ಗ್ರಾಂ! ನಮ್ಮ ಮನೆಯಲ್ಲಿ ಅಳತೆ ಇರುವುದು ಸೌಟು, ಹಿಡಿ ಮತ್ತು "ಇನ್ನೊಂದು ಸ್ವಲ್ಪ". ತಕ್ಕಡಿ ತಂದು ತೂಗಿ ನೋಡಿದ ಮೇಲೆ ರಾಗಿಮುದ್ದೆಯ ಮೇಲಿನ ಭಕ್ತಿಯೂ ಹೋಯಿತು. 100 ಗ್ರಾಂ ರಾಗಿಹಿಟ್ಟಿನಲ್ಲಿ ಹತ್ತಿರಹತ್ತಿರ 70 ಗ್ರಾಂ ಕಾರ್ಬ್. "ಮುದ್ದೆ ತಿನ್ನು, ಶುಗರ್ ಹತ್ತಿರಾನೂ ಬರಲ್ಲ" ಅಂತ ಇಷ್ಟು ವರ್ಷ ಬುದ್ಧಿ ಹೇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ನನ್ನ ಗ್ರಾಫ್ ತೋರಿಸಬೇಕು ಅನ್ನಿಸುತ್ತದೆ.

ಇದನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದು. ನಿಜವಾದ ಸಂಕಟ ಬೇರೆ. ನಂಬರನ್ನು ಮನೆಯವರೂ ತಮ್ಮ ಫೋನಿನಲ್ಲಿ ನೋಡಬಹುದು ಅಂತ ಒಂದು ಸೌಲಭ್ಯ ಇದೆ. ಅಜ್ಜನ ಮನೆಗೆ ಹೋಗಿದ್ದ ನನ್ನ ಮಗ ಅದನ್ನು ಅಪ್ಪನ ಫೋನಿಗೆ ಹಾಕಿ, ಬಳಸುವುದನ್ನು ಕಲಿಸಿ, ಪುಣ್ಯ ಕಟ್ಟಿಕೊಂಡು ಬಂದ.

ಅಪ್ಪನಿಗೆ 78. ಹೈಸ್ಕೂಲಿನಲ್ಲಿ 34 ವರ್ಷ ಗಣಿತ ಹೇಳಿದವರು. ರಿಟೈರಾದ ಮೇಲೆ ತಿದ್ದಲು ಪೇಪರ್ ಇಲ್ಲದೆ ಒಣಗಿಹೋಗಿದ್ದರು. ಈಗ ದಿನಕ್ಕೆ 288 ಅಂಕಿ ಮನೆ ಬಾಗಿಲಿಗೇ ಬರುತ್ತದೆ. ಗ್ರಾಫ್ ಹಾಳೆಯ ಪುಸ್ತಕ ತರಿಸಿಕೊಂಡರು. "ಅಪ್ಪ, ಗ್ರಾಫ್ ಫೋನಿನಲ್ಲೇ ಬರುತ್ತೆ" ಅಂದೆ. "ಅದಕ್ಕೆ ಸ್ಕೇಲು ಸರಿ ಇಲ್ಲ" ಅಂದರು. 288ನ್ನೂ ಗುರುತು ಹಾಕುತ್ತೇನೆ ಅಂತ ಕೂತಿದ್ದವರನ್ನು ಗಂಟೆಗೊಂದು ಸಾಕು ಅಂತ ಒಪ್ಪಿಸುವಷ್ಟರಲ್ಲಿ ನನ್ನ ಶುಗರ್ರೇ ಏರಿತು. 180ರ ಮೇಲೆ ಹೋದರೆ ಕೆಂಪು ಇಂಕು. 70ರಿಂದ 180ರ ಒಳಗಿದ್ದರೆ ಪಕ್ಕದಲ್ಲಿ ಒಂದು ರೈಟ್ ಮಾರ್ಕು.

ಮೊದಲ ವಾರ ಕಾಲೇಜಿನಲ್ಲಿ ಸಹೋದ್ಯೋಗಿಯೊಬ್ಬರ ಹುಟ್ಟುಹಬ್ಬ. ಒಂದು ಚೂರು ಕೇಕ್. ಗಂಟೆಯೊಳಗೆ ಫೋನ್.

"ಹನ್ನೊಂದು ಇಪ್ಪತ್ತಕ್ಕೆ ಏನು ತಿಂದೆ?"

"ಸೌತೆಕಾಯಿ ಅಪ್ಪ."

"ಸೌತೆಕಾಯಿಗೆ ಎಂಬತ್ತು ಏರುತ್ತಾ?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ ಅಂತಲ್ಲ. ಎದುರಿಗೆ ಗ್ರಾಫ್ ಇಟ್ಟುಕೊಂಡವರಿಗೆ ಹೇಳುವುದು ಕಷ್ಟ.

ಆದರೆ ಮೊನ್ನೆ ನಾದಿನಿ ಮಗಳ ಮದುವೆಯಲ್ಲಿ ಆದದ್ದು ಅದಕ್ಕೂ ಮೇಲಿನದು. ಅಪ್ಪನಿಗೆ ಮಂಡಿನೋವು, ಬಂದಿರಲಿಲ್ಲ. ಸದ್ಯ ಬದುಕಿದೆ ಅಂದುಕೊಂಡಿದ್ದೆ. ಸಂಜೆ ಐದಕ್ಕೆ ಫೋನ್ ಬಂತು. ದನಿಯಲ್ಲೇ ಗೊತ್ತಾಯಿತು, ಮುಂದೆ ಪುಸ್ತಕ ತೆರೆದಿದೆ.

"ಹನ್ನೆರಡೂವರೆಗೆ ಇನ್ಸುಲಿನ್ ತಗೊಂಡಿದ್ದೀಯ. ಒಂದು ಗಂಟೆ ಹೊತ್ತಿಗೆ ಗೆರೆ ದಬಕ್ಕಂತ ಬಿದ್ದಿದೆ. ಏನು, ಮೊದಲನೇ ಪಂಕ್ತಿ ಸಿಗಲಿಲ್ವಾ?"

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಸಿಕ್ಕಿರಲಿಲ್ಲ! ಊಟಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಇನ್ಸುಲಿನ್ ತೆಗೆದುಕೊಳ್ಳಬೇಕು. ಎಲೆ ಹಾಕುವುದು ಕಂಡಿತು, ಗುಂಡಿ ಒತ್ತಿದೆ. ಒಳಗೆ ಹೋಗಿ ನೋಡಿದರೆ ಪ್ರತಿ ಕುರ್ಚಿಯ ಮೇಲೂ ಯಾರದೋ ಕರ್ಚೀಫು, ಯಾರದೋ ಮಗು. ಕೊನೆಗೆ ಒಬ್ಬ ಯಜಮಾನರ ಹಿಂದೆ ಕುರ್ಚಿ ಹಿಡಿದುಕೊಂಡು ನಿಂತೆ. ಅವರು ನಿಧಾನವಾಗಿ ಮೊಸರನ್ನ ಕಲಸಿದರು, ಉಪ್ಪಿನಕಾಯಿ ಕೇಳಿದರು, ಅದು ಬರುವವರೆಗೆ ಕೈ ಎತ್ತಿಟ್ಟುಕೊಂಡು ಕೂತರು. ನನ್ನ ಸೊಂಟ ಕಿರುಚತೊಡಗಿತು. "ಫೋನ್ ಬರ್ತಿದೆ ನೋಡಮ್ಮ" ಅಂದರು.

"ಆಮೇಲೆ ಕೂತ ತಕ್ಷಣ ಪಾಯಸ," ಅಪ್ಪ ಮುಂದುವರಿಸಿದರು. "ಅದು ಸರಿ, ಬಿದ್ದಿತ್ತಲ್ಲ, ಬೇಕಿತ್ತು. ಇದು ಚೂಪು ಗುಡ್ಡ. ಆದರೆ ಎರಡನೇ ಗುಡ್ಡ ಹೋಳಿಗೆದು. ಎಷ್ಟು ತಿಂದೆ?"

"ಒಂದು."

"ಅಗಲ ನೋಡಿದ್ರೆ ಎರಡು. ತುಪ್ಪಾನೂ ಜೋರಾಗಿ ಸುರಿಸ್ಕೊಂಡಿದ್ದೀಯ. ಅದಕ್ಕೇ ನಿಧಾನಕ್ಕೆ ಏರಿ, ನಾಲ್ಕೂವರೆ ಆದ್ರೂ ಇಳಿಯೋಕೆ ಒಪ್ತಿಲ್ಲ."

ಕೊಬ್ಬು ಸೇರಿದರೆ ಸಕ್ಕರೆ ತಡವಾಗಿ ಏರುತ್ತದೆ, ಬಹಳ ಹೊತ್ತು ನಿಲ್ಲುತ್ತದೆ. ಅದನ್ನು ನನಗೆ ಡಯಟೀಶಿಯನ್ ಅರ್ಧ ಗಂಟೆ ವಿವರಿಸಿದ್ದರು. ಅಪ್ಪನಿಗೆ ಯಾರು ಹೇಳಿಕೊಟ್ಟರೋ! ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಕೂತು ನನ್ನ ಎಲೆಯ ಮೇಲಿನ ತುಪ್ಪ ಅಳೆದಿದ್ದರು.

"ಕಾಯಿ ಹೋಳಿಗೆನೋ ಬೇಳೆದೋ?"

"ಅದು ಗ್ರಾಫಲ್ಲಿ ಕಾಣಲ್ವಾ?"

"ಕಾಣಲ್ಲ. ಹೇಳು."

"ಕಾಯಿದು."

ಸ್ವಲ್ಪ ಹೊತ್ತು ಮಾತಿಲ್ಲ. ಅಪ್ಪ ತಿಪಟೂರಿನವರು, ಕಾಯಿ ಹೋಳಿಗೆ ಅಂದರೆ ಪ್ರಾಣ.

"ಚೆನ್ನಾಗಿತ್ತಾ?" ಅಂತ ಕೇಳಿದರು, ಸಣ್ಣ ದನಿಯಲ್ಲಿ.

ಇವತ್ತು ಬೆಳಿಗ್ಗೆ 264ರ ಸಿಟ್ಟಿನಲ್ಲಿ ನಾನೇ ಫೋನ್ ಮಾಡಿದೆ. ಆ ಆಪ್ ತೆಗೆಸಿಬಿಡುತ್ತೇನೆ, ರಾತ್ರಿಯಾದರೂ ನೆಮ್ಮದಿಯಾಗಿ ಮಲಗಿ ಅಂತ ಹೇಳುವುದಿತ್ತು. ಅರ್ಧ ಹೇಳಿಯೂ ಆಗಿತ್ತು.

"ಆ ಹಳೇ ಪುಸ್ತಕ ಸಿಕ್ಕಿತು ಪುಟ್ಟಿ," ಅಂದರು ಅಪ್ಪ ನಡುವೆ. "ನಿಮ್ಮಮ್ಮ ಬರೀತಿದ್ಲಲ್ಲ, ಅದು."

1988ರಲ್ಲಿ ನನಗೆ ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಸಕ್ಕರೆ ಕಾಯಿಲೆ, ಅಂತ ಗೊತ್ತಾದಾಗ ಹತ್ತು ವರ್ಷ. ಸೆನ್ಸರ್ ಹಾಗಿರಲಿ, ಬೆರಳು ಚುಚ್ಚುವ ಮೀಟರೂ ನಮ್ಮ ಮನೆಯಲ್ಲಿರಲಿಲ್ಲ. ಅಮ್ಮ ಗಾಜಿನ ಕೊಳವೆಯಲ್ಲಿ ಬೆನೆಡಿಕ್ಟ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದಳು. ನೀಲಿ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ, ಆಮೇಲೆ ಇಟ್ಟಿಗೆ ಬಣ್ಣ. ಬಣ್ಣದ ಹೆಸರು ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಫ್ರಿಜ್ ಇರಲಿಲ್ಲ, ಇನ್ಸುಲಿನ್ ಸೀಸೆ ನೀರಿನ ಮಡಕೆ ಪಕ್ಕ ಒದ್ದೆ ಬಟ್ಟೆಯೊಳಗೆ. ಸಕ್ಕರೆ ಬಿದ್ದುಹೋದದ್ದನ್ನು ಮಾತ್ರ ಆ ಕೊಳವೆ ಹೇಳುತ್ತಿರಲಿಲ್ಲ. ಅದಕ್ಕೆ ರಾತ್ರಿ ಎದ್ದು ಬಂದು ನನ್ನ ಕತ್ತಿನ ಹಿಂದೆ ಕೈ ಇಟ್ಟು ನೋಡುತ್ತಿದ್ದಳು, ಬೆವರಿದೆಯಾ ಅಂತ. ಬೆವರಿದ್ದರೆ ಸಕ್ಕರೆ ನೀರು. ಸೆಕೆಗೆ ಬೆವರಿದ ರಾತ್ರಿಗಳಲ್ಲೂ ಎಷ್ಟೋ ಸಲ ಕುಡಿಸಿದ್ದಾಳೆ.

"ಆಗೆಲ್ಲ ಅವಳು ಎದ್ದಿರ್ತಿದ್ಲು, ನಾನು ಗೊರಕೆ ಹೊಡೀತಿದ್ದೆ," ಅಂದರು ಅಪ್ಪ. "ಈಗ ಹೇಗೂ ನಿದ್ದೆ ಬರಲ್ಲ. ಇರಲಿ ಬಿಡು ಅದು ಫೋನಲ್ಲಿ."

ಇರಲಿ ಬಿಡಿ ಅಂದೆ. ಇನ್ನೇನು ಅನ್ನಲಿ.

ಇದನ್ನು ಬರೆಯುತ್ತಿರುವಾಗ ಸೆನ್ಸರಿನ ಏಳು ದಿನ ಮುಗಿಯಿತು. ಕಿತ್ತು ಹೊಸದು ಅಂಟಿಸಿದೆ, ಈ ಸಲ ಬಲತೋಳಿಗೆ. ಹೊಸದು ಕೆಲಸಕ್ಕೆ ಸಿದ್ಧವಾಗಲು ಎರಡು ಗಂಟೆ ಬೇಕು, ಅಲ್ಲಿಯವರೆಗೆ ನಂಬರ್ ಬರುವುದಿಲ್ಲ. ಹತ್ತು ನಿಮಿಷಕ್ಕೆ ಫೋನ್.

"ಪುಟ್ಟಿ, ಗೆರೆ ನಿಂತುಹೋಗಿದೆ!"

"ಸೆನ್ಸರ್ ಬದಲಾಯಿಸಿದೀನಿ ಅಪ್ಪ. ಇನ್ನೂ ಒಂದು ಗಂಟೆ ಐವತ್ತು ನಿಮಿಷ ಏನೂ ಕಾಣಲ್ಲ."

"ಹಾಗಾದ್ರೆ ಅಲ್ಲಿವರೆಗೆ ಏನೂ ತಿನ್ನಬೇಡ."

ಫೋನಿಟ್ಟೆ. ಒಂದು ಗಂಟೆ ಐವತ್ತು ನಿಮಿಷ. ಅಷ್ಟು ಹೊತ್ತು ನನ್ನನ್ನು ಯಾರೂ ನೋಡುವಂತಿರಲಿಲ್ಲ. ಮದುವೆಮನೆಯಿಂದ ಕೊಟ್ಟು ಕಳಿಸಿದ್ದ ಡಬ್ಬಿಯಲ್ಲಿ ಕೊನೆಯ ಕಾಯಿ ಹೋಳಿಗೆ ಇತ್ತು. ಬೆರಳು ಚುಚ್ಚಿ ನೋಡಿದೆ, 126. ಪಂಪಿಗೆ ಸುಳ್ಳು ಹೇಳಬಾರದು, ಹೇಳಲಿಲ್ಲ. 35 ಗ್ರಾಂ ಅಂತ ಒತ್ತಿ, ತಟ್ಟೆ ತೆಗೆದುಕೊಂಡು, ತುಪ್ಪದ ಗಿಂಡಿಗೆ ಕೈ ಚಾಚಿದೆ.

ಮತ್ತೆ ಫೋನ್ ಬಂತು.

"ಪುಟ್ಟಿ, ಸಕ್ಕರೆ ಕಾಣಿಸ್ತಿಲ್ಲ, ಸರಿ. ಇನ್ಸುಲಿನ್ ಕಾಣಿಸ್ತಿದೆ. ಇಷ್ಟೊಂದು ಯಾಕೆ, ಸೌತೆಕಾಯಿಗಾ?"