ದೆವ್ವಕ್ಕೆ ಎಷ್ಟು ಬಜೆಟ್ ಬೇಕು?

ಜೋಳದ ಸಿರಪ್, ಕೆಂಪು ಬಣ್ಣ, ಒಂಚೂರು ಕಾಫಿ. ಇಷ್ಟಿದ್ದರೆ ಸಿನಿಮಾಕ್ಕೆ ಬೇಕಾದ ರಕ್ತ ರೆಡಿ. ಬರೀ ಸಿರಪ್ಪಿಗೆ ಬಣ್ಣ ಹಾಕಿದರೆ ತೀರಾ ಕೆಂಪಗೆ ಹೊಳೆಯುತ್ತದೆ, ಕಾಫಿ ಬಿದ್ದ ಮೇಲೆ ಸ್ವಲ್ಪ ಕಂದು ತಿರುಗಿ ನಂಬುವ ಹಾಗಾಗುತ್ತದೆ. 1979ರ ಚಳಿಗಾಲದಲ್ಲಿ ಅಮೆರಿಕದ ಟೆನೆಸ್ಸಿಯ ಕಾಡಿನೊಳಗಿನ ಒಂದು ಹಾಳು ಮನೆಯಲ್ಲಿ ಸ್ಯಾಮ್ ರೇಮಿ ಅನ್ನುವ ಇಪ್ಪತ್ತರ ಹುಡುಗ ಮತ್ತವನ ಗೆಳೆಯರು ಇಂಥದ್ದನ್ನೇ ಕಲಸಿ ಕಲಸಿ ಒಬ್ಬರ ಮೇಲೊಬ್ಬರು ಸುರಿದುಕೊಂಡರು. ಹಾಗೆ ಹುಟ್ಟಿದ್ದು ‘ದಿ ಈವಿಲ್ ಡೆಡ್’ ಅನ್ನುವ ದೆವ್ವದ ಸಿನಿಮಾ. ದುಡ್ಡು ಎಲ್ಲಿಂದ ಬಂತು ಅಂತೀರಾ? ಮೊದಲು ಒಂದು ಕಿರುಚಿತ್ರ ಮಾಡಿ, ಅದನ್ನು ತಮ್ಮ ಊರಿನ ಕಡೆಯ ಹಲ್ಲಿನ ಡಾಕ್ಟರು, ವಕೀಲರು, ವ್ಯಾಪಾರಿಗಳಿಗೆಲ್ಲ ತೋರಿಸಿ ಚಂದಾ ಎತ್ತಿದ್ದರು.

ಕಾಡಿನಲ್ಲಿ ಕಣ್ಣಿಗೆ ಕಾಣದ ಭೂತವೊಂದು ನೆಲಕ್ಕೆ ಅಂಟಿಕೊಂಡೇ ನುಗ್ಗಿ ಬರುವ ದೃಶ್ಯ ಅದರಲ್ಲಿದೆ. ಒಂದು ಹಲಗೆಯ ಮಧ್ಯೆ ಕ್ಯಾಮೆರಾ ಬಿಗಿದು, ಎರಡು ತುದಿಯನ್ನು ಇಬ್ಬರು ಹಿಡಿದುಕೊಂಡು ಮುಳ್ಳು ಪೊದೆ ನೋಡದೆ ಓಡಿದರು. ಅಷ್ಟೇ ಭೂತ. ಇದು ಗೊತ್ತಾದ ಮೇಲೆ ಆ ದೃಶ್ಯ ನೋಡಿದರೆ ಹೆದರಿಕೆ ಕಡಿಮೆಯಾಗಬೇಕಿತ್ತು, ಅಲ್ವಾ? ನನಗೆ ಹಾಗಾಗಲಿಲ್ಲ. ಹೆದರಿಕೆಯೂ ಉಳಿಯಿತು, ಜೊತೆಗೆ ಹಲಗೆ ಹಿಡಿದವರ ಏದುಸಿರು ನೆನೆದು ನಗುವೂ ಬಂತು. ಕಡಿಮೆ ದುಡ್ಡಿನ ಹಾರರ್ ಕಾಮಿಡಿಗಳ ಹುಚ್ಚು ನನಗೆ ಹಿಡಿದಿದ್ದೇ ಇದರಿಂದ. ತೆರೆಯ ಮೇಲೆ ದೆವ್ವ ಕಾಣುತ್ತದೆ, ದೆವ್ವದ ಹಿಂದೆ ಸಿರಪ್ ರಕ್ತದ ಬಕೆಟ್ ಹಿಡಿದು ನಿಂತ ಹುಡುಗನೂ ಕಾಣುತ್ತಾನೆ. ನೂರಾರು ಕೋಟಿಯ ಸಿನಿಮಾದಲ್ಲಿ ಈ ಹುಡುಗ ಕಾಣದ ಹಾಗೆ ಮಾಡುವುದಕ್ಕೇ ಅರ್ಧ ದುಡ್ಡು ಖರ್ಚಾಗುತ್ತದೇನೋ.

ನ್ಯೂಜಿಲೆಂಡಿನ ‘ಬ್ಯಾಡ್ ಟೇಸ್ಟ್’ ಇದರಲ್ಲಿ ನನ್ನ ಅಚ್ಚುಮೆಚ್ಚು. ವೆಲಿಂಗ್ಟನ್ನಿನ ಪತ್ರಿಕೆಯೊಂದರಲ್ಲಿ ಕೆಲಸಕ್ಕಿದ್ದ ಪೀಟರ್ ಜಾಕ್ಸನ್ ವಾರವೆಲ್ಲ ದುಡಿದು, ರಜೆಯ ದಿನ ಗೆಳೆಯರನ್ನು ಒಟ್ಟು ಹಾಕಿ ತಮ್ಮೂರು ಪುಕೆರುವಾ ಬೇಯಲ್ಲಿ ಶೂಟಿಂಗ್ ಮಾಡುತ್ತಿದ್ದರು. ಒಂದೆರಡು ತಿಂಗಳಲ್ಲ, ನಾಲ್ಕು ವರ್ಷ! ಕತೆ ಕೇಳಿ. ಬೇರೆ ಗ್ರಹದವರು ಒಂದು ಪುಟ್ಟ ಊರಿನ ಜನರನ್ನೆಲ್ಲ ಕೊಂದು ಡಬ್ಬಕ್ಕೆ ತುಂಬುತ್ತಾರೆ, ಯಾಕೆಂದರೆ ಅವರಿಗೆ ತಮ್ಮ ಫಾಸ್ಟ್‌ಫುಡ್ ಅಂಗಡಿಗಳಿಗೆ ಮನುಷ್ಯರ ಮಾಂಸ ಬೇಕು. ಆ ಗ್ರಹದವರ ಮುಖವಾಡಗಳನ್ನು ಜಾಕ್ಸನ್ ಬೇಯಿಸಿದ್ದು ಅಮ್ಮನ ಅಡುಗೆಮನೆಯ ಓವನ್ನಿನಲ್ಲಿ. ಆ ಅಮ್ಮನ ಬಗ್ಗೆ ನನಗೆ ಬಹಳ ಗೌರವ. ನಮ್ಮನೆಯಲ್ಲಿ ಕುಕ್ಕರಿನಲ್ಲಿ ಮೊಟ್ಟೆ ಬೇಯಿಸುವುದಕ್ಕೇ ಅಪ್ಪಣೆ ಇರಲಿಲ್ಲ, ಇನ್ನು ರಾಕ್ಷಸನ ತಲೆ ಬೇಯಿಸುತ್ತೇನೆ ಅಂದಿದ್ದರೆ ಏನಾಗುತ್ತಿತ್ತೋ.

ನಟರ ಕೊರತೆ ಬೇರೆ. ಹಾಗಾಗಿ ಜಾಕ್ಸನ್ ತಾವೇ ಎರಡು ಪಾತ್ರ ಮಾಡಿದರು. ಒಬ್ಬ ಗಡ್ಡದವನು, ಒಬ್ಬ ಗಡ್ಡವಿಲ್ಲದವನು. ಕಡಲಂಚಿನ ಬಂಡೆಯ ಮೇಲೆ ಈ ಇಬ್ಬರೂ ಹೊಡೆದಾಡುತ್ತಾರೆ, ಅಂದರೆ ಜಾಕ್ಸನ್ ಜಾಕ್ಸನ್ನಿಗೇ ಹೊಡೆಯುತ್ತಾರೆ, ಕೈಯಲ್ಲಿ ಗ್ರಾಫಿಕ್ಸ್ ಇಲ್ಲ, ಡೂಪ್ ಇಲ್ಲ, ಇರುವುದು ಎಡಿಟಿಂಗ್ ಮತ್ತು ಗಡ್ಡ ಮಾತ್ರ. ಕಣ್ಣು ಚಿಕ್ಕದು ಮಾಡಿ ಹುಡುಕಿದರೂ ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಕೊನೆಗೆ ಅಲ್ಲಿನ ಸರ್ಕಾರದ ಫಿಲ್ಮ್ ಕಮಿಷನ್ ದುಡ್ಡು ಕೊಟ್ಟಿದ್ದರಿಂದ ಸಿನಿಮಾ ಮುಗಿದು 1987ರಲ್ಲಿ ಹೊರಬಂತು. ಹದಿನಾರು ವರ್ಷದ ನಂತರ ಬಂದ ಇವರದೇ ‘ಲಾರ್ಡ್ ಆಫ್ ದಿ ರಿಂಗ್ಸ್’ ಮೂರನೇ ಭಾಗಕ್ಕೆ 11 ಆಸ್ಕರ್ ಸಿಕ್ಕಿತು. ಅದೂ ಒಳ್ಳೆಯ ಸಿನಿಮಾನೇ. ಆದರೆ ಇನ್ನೊಮ್ಮೆ ನೋಡು ಅಂದರೆ ನಾನು ಹಾಕುವುದು ಓವನ್ನಿನ ರಾಕ್ಷಸರನ್ನು.

ಹಾರರ್ ಮತ್ತು ಕಾಮಿಡಿ ಎರಡಕ್ಕೂ ಬೇಕಾಗಿರುವುದು ಟೈಮಿಂಗ್. ಬಾಗಿಲು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ಕಾಯಿಸಬೇಕು, ಪ್ರೇಕ್ಷಕ ಸ್ವಲ್ಪ ಉಸಿರು ಬಿಟ್ಟ ಮೇಲೆ ಕೈ ಹಾಕಬೇಕೋ ಮೊದಲೇ ಹಾಕಬೇಕೋ. ಇದಕ್ಕೆ ಯಾರೂ ಬಾಡಿಗೆ ಕೇಳುವುದಿಲ್ಲ. ಯುದ್ಧದ ಸಿನಿಮಾಕ್ಕೆ ಸೈನ್ಯ ಬೇಕು, ಕುದುರೆ ಬೇಕು, ಕುದುರೆಗೆ ಹುರುಳಿ ಬೇಕು. ದೆವ್ವಕ್ಕೆ ಒಂದು ಕತ್ತಲೆ ಕೋಣೆ ಸಾಕು, ಮತ್ತು ಲೈಟ್ ಹಾಕದಿದ್ದರೆ ಆ ಖರ್ಚೂ ಉಳಿಯಿತು. 1960ರಲ್ಲಿ ಅಮೆರಿಕದ ನಿರ್ದೇಶಕ ರೋಜರ್ ಕಾರ್ಮನ್ ಮನುಷ್ಯರನ್ನು ತಿನ್ನುವ ಗಿಡದ ಮೇಲೆ ‘ದಿ ಲಿಟಲ್ ಶಾಪ್ ಆಫ್ ಹಾರರ್ಸ್’ ಮಾಡಿದಾಗ, ಬೇರೆ ಸಿನಿಮಾಕ್ಕೆ ಹಾಕಿದ್ದ ಸೆಟ್ ಇನ್ನೂ ಇತ್ತು ಅಂತ ಅದರೊಳಗೇ ಸಿನಿಮಾದ ಹೆಚ್ಚಿನ ಭಾಗವನ್ನು ಎರಡು ದಿನದಲ್ಲಿ ತೆಗೆದು ಮುಗಿಸಿದ್ದರು. ನಮ್ಮಲ್ಲಿ ಮುಹೂರ್ತದ ಪೂಜೆ, ಪತ್ರಿಕಾಗೋಷ್ಠಿಗೇ ಎರಡು ದಿನ ಹೋಗುತ್ತದೆ.

ಇಷ್ಟು ಹೊಗಳಿದ ಮೇಲೆ ಒಂದು ತಕರಾರೂ ಹೇಳಬೇಕು. ಈಗೀಗ ಕೆಲವರು ಬೇಕೂಂತಲೇ ಕೆಟ್ಟದಾಗಿ ಸಿನಿಮಾ ಮಾಡುತ್ತಾರೆ. ಗ್ರಾಫಿಕ್ಸ್ ಕಳಪೆ, ಡೈಲಾಗ್ ಕಳಪೆ, ‘ನೋಡಿ ನಾವು ಎಷ್ಟು ಕಳಪೆ, ನಗಿ’ ಅಂತ ಕಣ್ಣು ಮಿಟುಕಿಸುತ್ತಾರೆ. ನನಗೆ ನಗು ಬರುವುದಿಲ್ಲ. ಹಸಿದವನು ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಚಪ್ಪರಿಸುವುದಕ್ಕೂ, ಹೋಟೆಲಿನವರು ಅದೇ ಗಂಜಿಯನ್ನು ಮಡಕೆಯಲ್ಲಿಟ್ಟು ಮುನ್ನೂರು ರೂಪಾಯಿ ಬಿಲ್ ಹಾಕುವುದಕ್ಕೂ ವ್ಯತ್ಯಾಸ ಇದೆಯಲ್ಲ. ರೇಮಿಗಾಗಲಿ ಜಾಕ್ಸನ್ನಿಗಾಗಲಿ ಕೆಟ್ಟದಾಗಿ ಮಾಡುವ ಆಸೆ ಇರಲಿಲ್ಲ. ಕೈಲಿದ್ದ ದುಡ್ಡಿನಲ್ಲಿ ಎಷ್ಟು ಚೆನ್ನಾಗಿ ಆಗುತ್ತದೋ ಅಷ್ಟೂ ಮಾಡಿದರು. ಇನ್ನು ದುಡ್ಡೂ ಇಲ್ಲದೆ ಐಡಿಯಾನೂ ಇಲ್ಲದೆ, ನಾಯಕಿ ಟಾರ್ಚ್ ಹಿಡಿದು ಇಪ್ಪತ್ತು ನಿಮಿಷ ಸುಮ್ನೆ ಓಡಾಡುವ ಸಿನಿಮಾಗಳೂ ರಾಶಿ ರಾಶಿ ಇವೆ. ಈ ಜಾತಿಯಲ್ಲಿ ಅವೇ ಜಾಸ್ತಿ. ಅವುಗಳ ಮಾತು ಬೇಡ.

ನಮ್ಮಲ್ಲೇ 2025ರ ಜುಲೈಯಲ್ಲಿ ಜೆ.ಪಿ. ತುಮಿನಾಡ್ ಅವರ ‘ಸು ಫ್ರಮ್ ಸೋ’ ಬಂತಲ್ಲ, ಅದು ಈ ಸಾಲಿಗೆ ಪಕ್ಕಾ ಸೇರದಿದ್ದರೂ ನೆಂಟ ಅಂತೂ ಹೌದು. ದೊಡ್ಡ ಸ್ಟಾರ್ ಇಲ್ಲ, ಕರಾವಳಿಯ ಒಂದು ಹಳ್ಳಿ, ಅಲ್ಲಿಯದೇ ಕನ್ನಡ. ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದವನ ಹಾಗೆ ನಾಟಕ ಆಡುವ ಹುಡುಗ, ಅದನ್ನು ನಂಬಿ ಇಡೀ ಊರು ಎದ್ದು ಕೂರುವುದು. ದೆವ್ವವನ್ನು ತೋರಿಸುವ ಗೋಜೇ ಇಲ್ಲದೆ, ಊರಿನವರ ಮುಖ ತೋರಿಸಿಯೇ ನಗಿಸುತ್ತಾರೆ. ಕಂಪ್ಯೂಟರ್ ದೆವ್ವ ಕುಣಿಸಿದ್ದರೆ ಇಷ್ಟು ನಗುತ್ತಿದ್ದೆವಾ?

ಈ ಜಾತಿಯ ಸಿನಿಮಾ ನೋಡಿಲ್ಲ, ಒಂದು ಹೇಳಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಜಪಾನಿನ ‘ಒನ್ ಕಟ್ ಆಫ್ ದಿ ಡೆಡ್’. ಶಿನಿಚಿರೊ ಉಯೆಡಾ 2017ರಲ್ಲಿ ಹೆಸರಿಲ್ಲದ ನಟರನ್ನು ಇಟ್ಟುಕೊಂಡು, ಸಿನಿಮಾ ಕಲಿಸುವ ಶಾಲೆಯ ವರ್ಕ್‌ಶಾಪಿನಲ್ಲಿ ಮಾಡಿದ್ದು. ಖರ್ಚು 30 ಲಕ್ಷ ಯೆನ್, ಆಗಿನ ಲೆಕ್ಕದಲ್ಲಿ ಇಪ್ಪತ್ತು ಲಕ್ಷ ರೂಪಾಯಿಯ ಒಳಗೆ. ನಮ್ಮಲ್ಲಿ ಒಂದು ಮದುವೆ ಇದಕ್ಕಿಂತ ದುಬಾರಿ. ಟೋಕಿಯೊದ ಪುಟ್ಟ ಥಿಯೇಟರುಗಳಲ್ಲಿ ಶುರುವಾಗಿ, ಬಾಯಿಂದ ಬಾಯಿಗೆ ಹಬ್ಬಿ, ಗಳಿಕೆ 300 ಕೋಟಿ ಯೆನ್ ದಾಟಿತು. ಮೊದಲ 37 ನಿಮಿಷ ಒಂದೇ ಟೇಕ್. ಎಲ್ಲೂ ಕಟ್ ಇಲ್ಲ. ಜೋಂಬಿ, ಅಂದರೆ ಎದ್ದು ಓಡಾಡುವ ಹೆಣಗಳ ಸಿನಿಮಾ ಮಾಡಲು ಬಂದವರ ಮೇಲೆ ನಿಜವಾದ ಜೋಂಬಿಗಳು ಬೀಳುತ್ತವೆ, ಲೆನ್ಸ್ ಮೇಲೆ ರಕ್ತ ಸಿಡಿದರೆ ಯಾರದೋ ಕೈ ಬಂದು ಒರೆಸಿ ಹೋಗುತ್ತದೆ, ನಟರು ಏನೋ ಮರೆತವರ ಹಾಗೆ ನಿಂತು ಸಂಬಂಧವಿಲ್ಲದ ಮಾತಾಡುತ್ತಾರೆ. ನೋಡುವವರಿಗೆ ಇದೇನು ಗ್ರಹಚಾರ ಅನಿಸುತ್ತದೆ.

ಮುಂದೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ. ಬಕೆಟ್ ಹಿಡಿದ ಹುಡುಗ ಅಂತ ಮೇಲೆ ಬರೆದೆನಲ್ಲ, ಅವನನ್ನು ಇಷ್ಟು ಪ್ರೀತಿಯಿಂದ ನೋಡಿದ ಸಿನಿಮಾ ಬೇರೊಂದು ನನಗೆ ಗೊತ್ತಿಲ್ಲ ಅಂತ ಮಾತ್ರ ಹೇಳಬಲ್ಲೆ. ಟ್ರೇಲರ್ ನೋಡಬೇಡಿ, ವಿಕಿಪೀಡಿಯ ತೆಗೆಯಬೇಡಿ. ನಾಲ್ಕು ಜನ ಸೇರಿ ನೋಡಿ, ಒಬ್ಬರೇ ನಕ್ಕರೆ ಪಕ್ಕದ ಮನೆಯವರು ಗಾಬರಿಯಾಗುತ್ತಾರೆ. ಮತ್ತೆ ದಯವಿಟ್ಟು, ಆ 37 ನಿಮಿಷದೊಳಗೆ ‘ಎಂಥಾ ಡಬ್ಬಾ ಸಿನಿಮಾ ಹೇಳಿದ್ಯೋ’ ಅಂತ ನನಗೆ ಮೆಸೇಜ್ ಹಾಕಬೇಡಿ.